ಪಿಕಪ್ ವಾಹನದ ಹಿಂದಿನ ಆಕ್ಸಲ್ ಮತ್ತು ವಿಸ್ತೃತ ವಾರಂಟಿ: ಖರೀದಿಗೆ ಮುನ್ನ ಹಾಕಬೇಕಾದ ಲೆಕ್ಕ

ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ರಾಜಾಜಿನಗರ ಕೈಗಾರಿಕಾ ವಸಾಹತು ಹಾಗೂ ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ ನೆಲೆಸಿರುವ ಸಣ್ಣ ಘಟಕಗಳಿಗೆ ಯಂತ್ರೋಪಕರಣಗಳಷ್ಟೇ ಅನಿವಾರ್ಯವಾದ ಮತ್ತೊಂದು ಹೂಡಿಕೆಯೆಂದರೆ ಸರಕು ಸಾಗಣೆಯ ಡೀಸೆಲ್ ಪಿಕಪ್. ಕಚ್ಚಾ ಉಕ್ಕನ್ನು ತರುವುದು, ಲೇಪನಕ್ಕೆ ಕೊಟ್ಟ ಮಾಲನ್ನು ಮರಳಿ ಪಡೆಯುವುದು, ಸಿದ್ಧವಾದ ಬಿಡಿಭಾಗಗಳನ್ನು ಪೀಣ್ಯದ ಕಂಪನಿಗಳಿಗೆ ಗಡುವಿನೊಳಗೆ ಮುಟ್ಟಿಸುವುದು ಎಲ್ಲವೂ ಅದರ ಮೇಲೆಯೇ ನಿಂತಿವೆ. ಆದರೂ ಲೇಥು ಕೊಳ್ಳುವಾಗ ಅದರ ಸ್ಪಿಂಡಲ್ ಬೇರಿಂಗ್ ಯಾವ ತಯಾರಿಕೆಯದೆಂದು ವಿಚಾರಿಸುವ ಉದ್ಯಮಿಯೇ ಪಿಕಪ್ ಕೊಳ್ಳುವಾಗ ಬೆಲೆ, ಮಾಸಿಕ ಕಂತು, ಮೈಲೇಜು ಈ ಮೂರನ್ನು ಕೇಳಿ ತೃಪ್ತನಾಗುತ್ತಾನೆ. ನಾನೂ ಹಾಗೆಯೇ ಕೊಂಡವನು.

ಕೆಲವು ವರ್ಷಗಳ ಹಿಂದೆ, ತಿಂಗಳ ಕೊನೆಯ ವಾರದಲ್ಲಿ, ಮಾಲು ತುಂಬಿದ್ದ ನಮ್ಮ ಪಿಕಪ್ ಸುಮನಹಳ್ಳಿಯ ಬಳಿ ನಿಂತುಹೋಯಿತು. ಎಂಜಿನ್ ಓಡುತ್ತಿತ್ತು, ಗೇರ್ ಬೀಳುತ್ತಿತ್ತು, ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿತ್ತು. ಚಕ್ರ ಮಾತ್ರ ಅಲುಗುತ್ತಿರಲಿಲ್ಲ. ಹಿಂದಿನ ಹೌಸಿಂಗ್ ಬಿಚ್ಚಿದಾಗ ಪಿನಿಯನ್ನಿನ ಹಲ್ಲುಗಳು ಮುರಿದು ಎಣ್ಣೆಯ ತಳದಲ್ಲಿ ಬಿದ್ದಿದ್ದವು. ಹೆಚ್ಚಿನ ಹಣ ತೆತ್ತು ಪಡೆದಿದ್ದ ವಿಸ್ತೃತ ವಾರಂಟಿಯಲ್ಲಿ ಇನ್ನೂ ಹನ್ನೊಂದು ತಿಂಗಳು ಉಳಿದಿದ್ದರಿಂದ ನಾವು ಹೆಚ್ಚು ಚಿಂತಿಸಲಿಲ್ಲ. ನಾಲ್ಕು ದಿನಗಳ ನಂತರ ಲಿಖಿತ ಉತ್ತರ ಬಂತು. ಎರಡೂ ಬದಿಯ ಕಮಾನಿಗೆ ಹೊರಗಡೆ ಒಂದೊಂದು ಪ್ಲೇಟು ಸೇರಿಸಲಾಗಿದೆ. ಕಳೆದ ಎರಡು ಬಾರಿ ಆಕ್ಸಲ್ ಎಣ್ಣೆ ಬದಲಿಸಿದ್ದಕ್ಕೆ ಅಧಿಕೃತ ಸರ್ವೀಸ್ ಕೇಂದ್ರದ ದಾಖಲೆಯಿಲ್ಲ. ಆದ್ದರಿಂದ ಕ್ಲೇಮು ತಿರಸ್ಕೃತವಾಗಿದೆ. ಈ ಎರಡು ಆಕ್ಷೇಪಣೆಗಳೂ ನಿಜವೇ ಆಗಿದ್ದವು. ಪ್ಲೇಟು ಹಾಕಿಸಿದವನು ನಾನೇ.

ವಾಹನ ಒಂಬತ್ತು ದಿನ ನಿಂತಿತು. ದುರಸ್ತಿಯ ಖರ್ಚು ಒಂದೆಡೆಯಾದರೆ, ಬಾಡಿಗೆ ವಾಹನದ ಖರ್ಚು ಹಾಗೂ ವಿಳಂಬವಾದ ಮಾಲಿಗಾಗಿ ಗ್ರಾಹಕ ಕಂಪನಿಯು ಮುರಿದುಕೊಂಡ ಮೊತ್ತ ಇನ್ನೊಂದೆಡೆ. ಈ ಎರಡನೆಯ ಬಾಬ್ತನ್ನು, ಅಂದರೆ ಕೆಡುಕಿನ ಪರಿಣಾಮವಾಗಿ ಉಂಟಾಗುವ ವ್ಯಾಪಾರ ನಷ್ಟವನ್ನು, ವಾಹನದ ವಾರಂಟಿಗಳು ಸಾಮಾನ್ಯವಾಗಿ ಭರಿಸುವುದೇ ಇಲ್ಲವೆಂಬುದೂ ನನಗೆ ಆಗಲೇ ತಿಳಿದದ್ದು.

ಮೂವತ್ತೆರಡು ಸರಳು

ಹಿಂದಿನ ಆಕ್ಸಲ್ ಕೆಡುವುದಕ್ಕೆ ತಯಾರಿಕೆಯ ದೋಷ ಒಂದು ಕಾರಣವಿರಬಹುದು. ಆದರೆ ನಮ್ಮ ಭಾಗದಲ್ಲಿ ಅದಕ್ಕಿಂತ ಮೊದಲು ಶಂಕಿಸಬೇಕಾದದ್ದು ಹೊರೆಯನ್ನು. ಉಕ್ಕಿನ ವ್ಯಾಪಾರ ಮಾಡುವವರಿಗೆಲ್ಲ ಕಂಠಪಾಠವಾಗಿರುವ ಸೂತ್ರವೊಂದಿದೆ: ದುಂಡು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಪ್ರತಿ ಮೀಟರಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. 50 ಮಿ.ಮೀ. ಸರಳು ಮೀಟರಿಗೆ 15.4 ಕೆ.ಜಿ. ಮೂರು ಮೀಟರಿಗೆ ಕತ್ತರಿಸಿದ ತುಂಡು ಸುಮಾರು 46 ಕೆ.ಜಿ. ಒಂದೂವರೆ ಟನ್ ಸಾಮರ್ಥ್ಯದ ಪಿಕಪ್‌ನಲ್ಲಿ ಇಂಥ 32 ತುಂಡು ಇಡುವಷ್ಟರಲ್ಲಿ ಮಿತಿ ಮುಗಿಯಿತು. ಸಾಲಿಗೆ ಎಂಟರಂತೆ ನಾಲ್ಕು ಸಾಲು ಜೋಡಿಸಿದರೆ ಅದು 40 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಒಂದು ಕಟ್ಟು, ಅಷ್ಟೆ. ತೊಟ್ಟಿಯ ಉಳಿದ ಜಾಗವೆಲ್ಲ ಖಾಲಿ. ಆ ಖಾಲಿ ಜಾಗವನ್ನು ಕಂಡ ಯಾವ ಮಾಲೀಕನ ಕೈ ಸುಮ್ಮನಿದ್ದೀತು? ಐವತ್ತು ತುಂಡು ಏರಿಸುತ್ತೇವೆ. 2,300 ಕೆ.ಜಿ. ಆಗುತ್ತದೆ. ಗಾಡಿ ಹಿಂದಕ್ಕೆ ಕುಳಿತಂತೆ ಕಾಣುವುದರಿಂದ ಪ್ಲೇಟು ಹಾಕಿಸುತ್ತೇವೆ. ಪ್ಲೇಟು ಹಾಕಿದ ಮೇಲೆ ಗಾಡಿ ನೆಟ್ಟಗೆ ನಿಲ್ಲುತ್ತದೆ. ಹೊರೆ ಸರಿಹೋಯಿತೆಂಬ ಭ್ರಮೆಯೂ ಅದರೊಡನೆ ಬರುತ್ತದೆ. ವಾಸ್ತವವಾಗಿ ಬಲಗೊಂಡದ್ದು ಕಮಾನು ಮಾತ್ರ. ಅದರ ಕೆಳಗಿನ ಆಕ್ಸಲ್, ಬೇರಿಂಗ್, ಕ್ರೌನ್-ಪಿನಿಯನ್ ಇವು ಮೊದಲಿನವೇ.

ಬೇರಿಂಗಿನ ಆಯುಷ್ಯದ ಲೆಕ್ಕ ಇನ್ನೂ ಕಠೋರವಾದದ್ದು. ರೋಲರ್ ಬೇರಿಂಗಿನ ಆಯುಷ್ಯವು ಹೊರೆಯ 10/3ನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆಯೆಂಬುದು ಬೇರಿಂಗ್ ಕ್ಯಾಟಲಾಗುಗಳಲ್ಲಿಯೇ ಇರುವ ನಿಯಮ. ಬೇರಿಂಗಿನ ಮೇಲಿನ ಹೊರೆ ಶೇಕಡ 25ರಷ್ಟು ಏರಿದರೆ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶೇಕಡ 50ರಷ್ಟು ಏರಿದರೆ ಸುಮಾರು ಕಾಲು ಭಾಗ ಮಾತ್ರ ಉಳಿಯುತ್ತದೆ. ಪಿಕಪ್‌ನಲ್ಲಿ ಸರಕಿನ ತೂಕದ ಬಹುಪಾಲು ಬೀಳುವುದು ಹಿಂದಿನ ಆಕ್ಸಲಿನ ಮೇಲೆಯೇ ಎಂಬುದನ್ನು ಇಲ್ಲಿ ನೆನಪಿಡತಕ್ಕದ್ದು.

ಕಾನೂನಿನ ದೃಷ್ಟಿಯಿಂದಲೂ ಇದು ಅಗ್ಗದ ವ್ಯವಹಾರವಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ.

ಆಕ್ಸಲಿನ ಒಳಗೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಕಡಿಮೆಯಾದರೆ ಅರ್ಧ ಹರದಾರಿಯ ದೂರಕ್ಕೆ ಕೇಳುವಂತೆ ಅದು ಕಿರುಗುಟ್ಟುತ್ತಿತ್ತು. ಪಿಕಪ್‌ನ ಆಕ್ಸಲ್ ಉಕ್ಕಿನ ಕವಚದೊಳಗಿರುವುದರಿಂದ ಅದರ ದೂರು ನಮಗೆ ತಡವಾಗಿ ಕೇಳಿಸುತ್ತದೆ. ವೇಗ ಹೆಚ್ಚಿಸಿದಾಗ ಹಿಂದಿನಿಂದ ಏಳುವ ಗುಂಯ್‌ಗುಡುವಿಕೆ, ಕ್ಲಚ್ ಬಿಟ್ಟೊಡನೆ ಕೇಳುವ ಟಕ್ ಎಂಬ ಸದ್ದು, ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆಯ ಜಿಡ್ಡು ಇವು ಮುನ್ಸೂಚನೆಗಳು. ಎಣ್ಣೆಯ ಜಿಡ್ಡನ್ನು ಅಲಕ್ಷಿಸುವುದು ಎಲ್ಲಕ್ಕಿಂತ ಅಪಾಯಕರ, ಏಕೆಂದರೆ ಸೀಲು ದಾಟಿ ಬಂದ ಎಣ್ಣೆ ಬ್ರೇಕ್ ಲೈನರಿಗೆ ಹತ್ತುತ್ತದೆ.

ಖರೀದಿಯ ಸಮಯದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಆಕ್ಸಲ್ ಪೂರ್ಣ ಫ್ಲೋಟಿಂಗ್ ಮಾದರಿಯದೋ, ಸೆಮಿ ಫ್ಲೋಟಿಂಗ್ ಮಾದರಿಯದೋ? ಪೂರ್ಣ ಫ್ಲೋಟಿಂಗ್‌ನಲ್ಲಿ ವಾಹನದ ಭಾರವನ್ನು ಹೌಸಿಂಗ್ ಮೇಲೆ ಕುಳಿತ ಹಬ್ ಬೇರಿಂಗುಗಳು ಹೊರುತ್ತವೆ. ಒಳಗಿನ ಶಾಫ್ಟಿನ ಕೆಲಸ ಚಕ್ರವನ್ನು ತಿರುಗಿಸುವುದು ಮಾತ್ರ. ಶಾಫ್ಟು ತುಂಡಾದರೂ ಚಕ್ರ ತನ್ನ ಸ್ಥಾನದಲ್ಲಿಯೇ ಇರುತ್ತದೆ. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟೇ ಭಾರವನ್ನೂ ಹೊರಬೇಕು, ತಿರುಗಿಸಲೂ ಬೇಕು. ಅದು ಮುರಿದರೆ ಚಕ್ರವೇ ಕಳಚುವ ಸಂಭವವಿದೆ. ಗುರುತಿಸುವುದು ಕಷ್ಟವಲ್ಲ. ಹಿಂದಿನ ಚಕ್ರದ ನಡುವೆ, ಚಕ್ರದ ನಟ್ಟುಗಳಲ್ಲದೆ ಬೇರೆ ಬೋಲ್ಟುಗಳಿಂದ ಬಿಗಿದ ಫ್ಲಾಂಜ್ ಹೊರಚಾಚಿಕೊಂಡಿದ್ದರೆ ಅದು ಸಾಮಾನ್ಯವಾಗಿ ಪೂರ್ಣ ಫ್ಲೋಟಿಂಗ್. ಹಗುರವಾದ ಮಾಲಿಗೆ, ಉದಾಹರಣೆಗೆ ಪ್ಲಾಸ್ಟಿಕ್ ವಸ್ತು ಅಥವಾ ಸಿದ್ಧ ಉಡುಪಿಗೆ, ಎರಡನೆಯದರಿಂದ ಬಾಧಕವೇನಿಲ್ಲ. ಉಕ್ಕು, ಎರಕದ ಮಾಲು, ಗ್ರಾನೈಟ್ ಸಾಗಿಸುವವರು ಮೊದಲನೆಯದನ್ನೇ ಅಪೇಕ್ಷಿಸುವುದು ವಿವೇಕ.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಹೈಪಾಯ್ಡ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ಅವುಗಳಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಬೀದಿಯ ಗ್ಯಾರೇಜಿನಲ್ಲಿ ಗೇರ್ ಪೆಟ್ಟಿಗೆಗೆ ತಂದ ಜಿಎಲ್-4 ಎಣ್ಣೆಯನ್ನೇ ಇದಕ್ಕೂ ಸುರಿಯುವುದುಂಟು. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸ್ ದಾಟಿದ ಗಾಡಿಯ ಆಕ್ಸಲಿನೊಳಗೆ ಬ್ರೀದರ್ ಮೂಲಕ ನೀರು ಸೇರಬಹುದು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸರ್ವೀಸಿನ ಗಡುವು ಕಾಯದೆ ಅಂದೇ ಬದಲಿಸಬೇಕು.

ಇದೊಂದು ದೂರದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಹೂಟಗಳ್ಳಿಯಲ್ಲಿ 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಸಂಸ್ಥೆಯು ಭಾರಿ ಲಾರಿಗಳಿಗೆ ಆಕ್ಸಲ್ ತಯಾರಿಸುತ್ತಾ ಬಂದಿದೆ. ಗೇರು ಕಡೆಯುವ, ಶಾಖ ಸಂಸ್ಕರಣೆ ಮಾಡುವ ನುರಿತ ಕೈಗಳು ಪೀಣ್ಯದಲ್ಲಿಯೂ ಇವೆ. ಪ್ರದರ್ಶನ ಮಳಿಗೆಯ ಮಾರಾಟಗಾರನಿಗಿಂತ ಇಂಥವರಲ್ಲೊಬ್ಬರನ್ನು ವಿಚಾರಿಸಿದರೆ ಸತ್ಯ ಬೇಗ ತಿಳಿಯುತ್ತದೆ.

ವಾರಂಟಿಯ ಕಾಗದ

ಸಾಮಾನ್ಯ ವಾರಂಟಿಯಾಗಲಿ ವಿಸ್ತೃತ ವಾರಂಟಿಯಾಗಲಿ, ಮೂಲತಃ ಅದು ತಯಾರಿಕೆ ಹಾಗೂ ಮೂಲವಸ್ತುವಿನ ದೋಷಕ್ಕೆ ಕೊಟ್ಟ ವಾಗ್ದಾನ. ಸವೆತಕ್ಕೆ ಅಲ್ಲ, ಅಧಿಕ ಭಾರಕ್ಕೆ ಖಂಡಿತ ಅಲ್ಲ. ಆದ್ದರಿಂದ ಕರಪತ್ರವನ್ನು ಬದಿಗಿಟ್ಟು ಷರತ್ತುಗಳ ಪೂರ್ಣ ಪಾಠವನ್ನು ಹಣ ಕೊಡುವ ಮೊದಲೇ ಕೇಳಿ ಪಡೆಯಬೇಕು. ಕ್ರೌನ್-ಪಿನಿಯನ್, ಡಿಫರೆನ್ಷಿಯಲ್, ಆಕ್ಸಲ್ ಶಾಫ್ಟ್, ಹೌಸಿಂಗ್, ಹಬ್ ಬೇರಿಂಗ್, ಆಯಿಲ್ ಸೀಲ್ ಇವು ಹೆಸರು ಹಿಡಿದು ಸೇರಿವೆಯೇ ಎಂದು ನೋಡಬೇಕು. ‘ಚಾಲನಾ ವ್ಯವಸ್ಥೆ’ ಎಂಬ ಒಂದೇ ಪದದಲ್ಲಿ ಎಲ್ಲವೂ ಅಡಗಿದೆಯೆಂದು ಮಾರಾಟಗಾರ ಹೇಳಬಹುದು. ಬೇರಿಂಗ್ ಮತ್ತು ಸೀಲನ್ನು ಸವೆಯುವ ಭಾಗಗಳ ಪಟ್ಟಿಗೆ ಸೇರಿಸಿ ಹೊರಗಿಟ್ಟಿರುವ ವಾಕ್ಯ ಹಿಂದಿನ ಪುಟದಲ್ಲಿರಬಹುದು. ವಾಗ್ದಾನ ಕೊಟ್ಟವರು ವಾಹನದ ತಯಾರಕರೋ, ವಿತರಕರೋ, ಮೂರನೆಯ ಸಂಸ್ಥೆಯೋ ಎಂಬುದನ್ನೂ ಗಮನಿಸಬೇಕು.

ಅವಧಿ ಮತ್ತು ಕಿಲೋಮೀಟರ್, ಇವುಗಳಲ್ಲಿ ಯಾವುದು ಮೊದಲೋ ಅದಕ್ಕೆ ವಾರಂಟಿ ಮುಗಿಯುತ್ತದೆ. ಮೂರು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಎಂಬ ಷರತ್ತನ್ನು ತೆಗೆದುಕೊಳ್ಳೋಣ. ತುಮಕೂರು, ಹೊಸೂರು ಎಂದು ದಿನಕ್ಕೆ 120 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ 300 ದಿನದಂತೆ 36,000 ಕಿ.ಮೀ. ಆಗಿ, ಮೂರು ವರ್ಷ ತುಂಬುವ ಮೊದಲೇ ಕಿಲೋಮೀಟರ್ ಮುಗಿಯುತ್ತದೆ. ಅಂಥವರಿಗೆ ವರ್ಷಗಳನ್ನು ಮಾತ್ರ ವಿಸ್ತರಿಸುವ ಯೋಜನೆ ನಿಷ್ಪ್ರಯೋಜಕ. ಬಸವೇಶ್ವರನಗರದಿಂದ ಪೀಣ್ಯಕ್ಕೆ ಹೋಗಿಬರುತ್ತಾ ದಿನಕ್ಕೆ 40 ಕಿ.ಮೀ. ಓಡಿಸುವವರ ಗಾಡಿ ವರ್ಷಕ್ಕೆ 12,000 ಕಿ.ಮೀ. ಮಾತ್ರ ಕಾಣುತ್ತದೆ, ಐದು ವರ್ಷಕ್ಕೂ 60,000 ದಾಟದು. ಇವರಿಗೆ ವರ್ಷಗಳ ವಿಸ್ತರಣೆ ಉಪಯುಕ್ತ. ಆದರೂ ಮಿತಿಯೊಳಗೆ ಹೊರೆ ಹೇರುವವರಿಗೆ ಮಾತ್ರ ಅದು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಪ್ಲೇಟು ಹಾಕಿಸುವ ಉದ್ದೇಶವುಳ್ಳವರು ಆ ಹಣವನ್ನು ದುರಸ್ತಿಗೆಂದು ಬ್ಯಾಂಕಿನಲ್ಲಿ ಇಡುವುದು ಲೇಸು. ಕ್ರೌನ್-ಪಿನಿಯನ್ ಜೋಡಿಯ ಬೆಲೆ ಮತ್ತು ಕೂಲಿಯ ಅಂದಾಜನ್ನು ಸರ್ವೀಸ್ ಕೇಂದ್ರದಿಂದ ಬರಹದಲ್ಲಿ ಪಡೆದು ವಾರಂಟಿಯ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿದರೆ ನಿರ್ಧಾರ ಸುಲಭ. ವಾರಂಟಿಯ ಬೆಲೆಯನ್ನು ವಾಹನ ಸಾಲಕ್ಕೆ ಸೇರಿಸಿದಲ್ಲಿ ಅದರ ಮೇಲೂ ಬಡ್ಡಿ ಬೀಳುತ್ತದೆಂಬುದು ಮರೆಯಬಾರದ ಅಂಶ.

ನ್ಯಾಯಾಲಯದ ಬಾಗಿಲು

ಕ್ಲೇಮು ತಿರಸ್ಕೃತವಾದಾಗ ಗ್ರಾಹಕ ನ್ಯಾಯಾಲಯಕ್ಕೆ ಹೋಗೋಣವೆಂದು ನಾನು ವಕೀಲರನ್ನು ಕಂಡೆ. ಅವರು ಮೊದಲು ಕೇಳಿದ ಪ್ರಶ್ನೆ, ಗಾಡಿ ಯಾರ ಹೆಸರಿನಲ್ಲಿದೆ, ಓಡಿಸುವವರು ಯಾರು ಎಂಬುದು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿಯೂ, ಅದರ ಸ್ಥಾನದಲ್ಲಿ 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾಯ್ದೆಯಲ್ಲಿಯೂ, ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರು ‘ಗ್ರಾಹಕ’ರಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ಮಾತ್ರ ವಿನಾಯಿತಿಯಿದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣ ನಮ್ಮಂಥವರದೇ: ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದು ತಾನು ಕೊಂಡ ಯಂತ್ರ ಸರಿಯಿಲ್ಲವೆಂದು ದೂರು ಕೊಟ್ಟಿತ್ತು, ಅದು ಗ್ರಾಹಕನಲ್ಲವೆಂದು ನ್ಯಾಯಾಲಯ ಹೇಳಿತು. ಲಾರಿಯನ್ನು ಕೊಂಡು ತಾನೇ ಓಡಿಸಿ ಬದುಕುವವನು ಗ್ರಾಹಕನಾಗುತ್ತಾನೆಂಬ ವಿವರಣೆಯೂ ಅದೇ ತೀರ್ಪಿನಲ್ಲಿದೆ. ಸಂಬಳದ ಚಾಲಕನನ್ನಿಟ್ಟ ನನ್ನಂಥ ಘಟಕಕ್ಕೆ ಉಳಿದದ್ದು 1930ರ ಸರಕು ಮಾರಾಟ ಕಾಯ್ದೆ ಮತ್ತು ಸಿವಿಲ್ ದಾವೆಯ ದೀರ್ಘ ಹಾದಿ. ನಾನು ಹೋಗಲಿಲ್ಲ.

ತೆರಿಗೆಯ ಸಂಗತಿಯೂ ಇದರೊಡನೆ ಹೆಣೆದುಕೊಂಡಿದೆ. ಸರಕು ಸಾಗಣೆ ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ಘಟಕಗಳು ತಮ್ಮ ತೆರಿಗೆಯುಕ್ತ ವ್ಯವಹಾರಕ್ಕೆ ಬಳಸುವ ಇಂಥ ವಾಹನದ ಮೇಲೆ ತೆತ್ತ ತೆರಿಗೆಯನ್ನು ಜಮೆ ಪಡೆಯಬಹುದು. ಪಡೆಯಲೇಬೇಕಾದ ಲಾಭವಿದು. ಆದರೆ ಸಂಸ್ಥೆಯ ಹೆಸರಿನ ಅದೇ ಬಿಲ್ಲನ್ನು ಮುಂದಿಟ್ಟು, ವಾಹನ ವಾಣಿಜ್ಯ ಉದ್ದೇಶಕ್ಕೇ ಕೊಂಡದ್ದೆಂದು ಎದುರು ಪಕ್ಷದವರು ವಾದಿಸಬಹುದು.

ವಾರಂಟಿಯ ಅವಧಿಗೆ ಹೊರತಾದ ರಕ್ಷಣೆಯೊಂದಿದೆ. ಏಳು ವರ್ಷದೊಳಗಿನ ವಾಹನಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ದೋಷ ವ್ಯಾಪಕವಾಗಿ ಕಂಡುಬಂದರೆ ಅವುಗಳನ್ನು ಹಿಂದಕ್ಕೆ ಕರೆಯಲು ತಯಾರಕರಿಗೆ ಆದೇಶಿಸುವ ಅಧಿಕಾರವು 2021ರ ಏಪ್ರಿಲ್‌ನಿಂದ ಸರಕಾರಕ್ಕಿದೆ. ತಯಾರಕರು ತಾವಾಗಿಯೂ ಕರೆಯುವುದುಂಟು. 2021ರಲ್ಲಿ ಮಹೀಂದ್ರ ಸಂಸ್ಥೆಯು ದ್ರವ ಸಾಗಿಸುವ ಕೊಳವೆಯ ತಪಾಸಣೆಗಾಗಿ 29,878 ಪಿಕಪ್‌ಗಳನ್ನು ಹಿಂದಕ್ಕೆ ಕರೆದಿತ್ತು. ಹಳೆಯ ವಾಹನ ಕೊಂಡವರು ಸರ್ವೀಸ್ ಕೇಂದ್ರದ ದಾಖಲೆಯಲ್ಲಿ ತಮ್ಮ ದೂರವಾಣಿ ಸಂಖ್ಯೆಯನ್ನು ಸೇರಿಸಿಕೊಂಡರೆ ಇಂಥ ಸೂಚನೆ ಹಿಂದಿನ ಮಾಲೀಕನ ಪಾಲಾಗುವುದಿಲ್ಲ.

ಎರಡನೆಯ ವಾಹನ ಕೊಳ್ಳುವ ಮೊದಲು ನಾವು ಒಂದು ತಿಂಗಳು ಪ್ರತಿ ಲೋಡನ್ನೂ ವೇಬ್ರಿಡ್ಜಿನಲ್ಲಿ ತೂಗಿಸಿದೆವು. ಬಂದ ಅಂಕಿಗಳನ್ನು ಕಂಡ ಮೇಲೆ ಒಂದೂವರೆ ಟನ್ನಿನ ಬದಲು 1.7 ಟನ್ ಸಾಮರ್ಥ್ಯದ್ದನ್ನು ಆರಿಸಿಕೊಂಡು, ದೊಡ್ಡ ಆರ್ಡರಿನ ದಿನ ಎರಡು ಟ್ರಿಪ್ಪು ಎಂದು ನಿಗದಿ ಮಾಡಿದೆವು. ಡೀಸೆಲ್ ಖರ್ಚು ಏರಿದ್ದು ನಿಜ. ವಿಸ್ತೃತ ವಾರಂಟಿಯನ್ನು ಈ ಬಾರಿಯೂ ಪಡೆದಿದ್ದೇವೆ. ಎಣ್ಣೆ ಬದಲಿಸಿದ ಪ್ರತಿಯೊಂದು ರಸೀತಿಯೂ ಕಿಲೋಮೀಟರ್ ಸಹಿತ ಒಂದೇ ಕಡತದಲ್ಲಿದೆ. ಮಾಲು ಏರಿಸುವ ಜಾಗದ ಗೋಡೆಯ ಮೇಲೆ ಸರಳಿನ ಅಳತೆವಾರು ಪಟ್ಟಿಯೊಂದನ್ನು ಬಣ್ಣದಲ್ಲಿ ಬರೆಸಲಾಗಿದೆ. ಮುಚ್ಚಿಗೆ, ಸಹಾಯಕ, ಹಗ್ಗ, ಜಾಕಿಗಳ ತೂಕ ಕಳೆದು, 50 ಮಿ.ಮೀ. ಸರಳಿನ ಎದುರಿಗೆ ಇರುವ ಸಂಖ್ಯೆ 33.