ಆ ಎತ್ತರದ ತುರುಬಿನೊಳಗೆ ಏನಿತ್ತು?

ಇಪ್ಪತ್ತನೇ ಶತಮಾನದ ಮೊದಲ ಮೂರು ದಶಕಗಳ ಅಮೆರಿಕ, ಯುರೋಪಿನ ಹೆಂಗಸರ ಫೋಟೊ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಎರಡೇ ಚಿತ್ರ: ಮೊದಲು ಗೋಪುರದಂಥ ತುರುಬು, ಆಮೇಲೆ ಕಿವಿಯ ಮಟ್ಟಕ್ಕೆ ಕತ್ತರಿಸಿದ ಬಾಬ್. ಆ ತಲೆಗಳ ಹಿಂದಿನ ಶ್ರಮ, ನೋವು, ಅಳುಕು ಫೋಟೊದಲ್ಲಿ ಕಾಣುವುದಿಲ್ಲ. ತಪ್ಪು ಕಲ್ಪನೆಗಳು ಬೇರುಬಿಟ್ಟಿರುವುದೂ ಅಲ್ಲೇ.

ತಪ್ಪು ಕಲ್ಪನೆ: ಆಗಿನ ಹೆಂಗಸರ ಕೂದಲು ಈಗಿನವರದಕ್ಕಿಂತ ಬಹಳ ದಟ್ಟವಾಗಿತ್ತು.

ಸತ್ಯ: ಆ ತುಂಬುಗೂದಲಿನ ಆದರ್ಶ ಹರಡಿದ್ದರಲ್ಲಿ ಒಂದು ಕಾಲ್ಪನಿಕ ಚಿತ್ರದ ಪಾಲು ದೊಡ್ಡದು. ಚಾರ್ಲ್ಸ್ ಡೇನಾ ಗಿಬ್ಸನ್ 1890ರ ದಶಕದಿಂದ ಅಮೆರಿಕದ ‘ಲೈಫ್’ ಪತ್ರಿಕೆಗೆ ಶಾಯಿಯಲ್ಲಿ ಬಿಡಿಸುತ್ತಿದ್ದ ‘ಗಿಬ್ಸನ್ ಗರ್ಲ್’ ಅದು. ಕಾಗದದ ಮೇಲಿನ ಆ ಉಬ್ಬು ನಿಜವಾದ ತಲೆಯ ಮೇಲೆ ನಿಲ್ಲಬೇಕಾದರೆ ಒಳಗೊಂದು ಮೆತ್ತೆ ಬೇಕಿತ್ತು. ಅದರ ಆಡುಹೆಸರು ‘ರ‍್ಯಾಟ್’, ಅಂದರೆ ಇಲಿ. ಬಾಚಣಿಗೆಗೆ ಸಿಕ್ಕ ಕೂದಲನ್ನು, ಮುಚ್ಚಳದಲ್ಲಿ ತೂತಿದ್ದ ಪುಟ್ಟ ಡಬ್ಬಿಯಲ್ಲಿ ದಿನವೂ ಕೂಡಿಡುತ್ತಿದ್ದರು. ಸಾಕಷ್ಟು ಸೇರಿದ ಮೇಲೆ ಅದನ್ನೇ ಉಂಡೆಮಾಡಿ ತುರುಬಿನೊಳಗೆ ಸೇರಿಸುತ್ತಿದ್ದರು. ಉದುರಿದ ಕೂದಲನ್ನು ಕೂಡಿಟ್ಟು ಚೌರಿ ಮಾಡಿಸಿಕೊಂಡ ಕನ್ನಡದ ಮನೆಗಳಿಗೆ ಈ ಜಾಣತನ ಅಪರಿಚಿತವಲ್ಲ.

ತಪ್ಪು ಕಲ್ಪನೆ: ಕೂದಲಿಗೆ ಬಹುಕಾಲ ಉಳಿಯುವ ಗುಂಗುರು ಕೊಡುವ ಪರ್ಮ್ ಬಂದದ್ದು ಗಿಡ್ಡ ಕೂದಲಿನ ಕಾಲದಲ್ಲಿ.

ಸತ್ಯ: ಜರ್ಮನಿಯಲ್ಲಿ ಹುಟ್ಟಿದ ಕಾರ್ಲ್ ನೆಸ್ಲರ್ ಲಂಡನ್ನಿನಲ್ಲಿ ತಮ್ಮ ವಿಧಾನವನ್ನು ತೋರಿಸಿದ್ದು 1906ರ ಸುಮಾರಿಗೆ, ಉದ್ದ ಕೂದಲೇ ರೂಢಿಯಾಗಿದ್ದಾಗ. ಕೂದಲಿಗೆ ಕ್ಷಾರದ ದ್ರಾವಣ ಹಚ್ಚಿ, ಸರಳುಗಳಿಗೆ ಸುತ್ತಿ, ಕಾಯಿಸಿದ ಹಿತ್ತಾಳೆಯ ಸಾಧನಗಳಿಂದ ಬಿಸಿ ಕೊಡುತ್ತಿದ್ದರು. ಆ ಭಾರ ನೆತ್ತಿಗೆ ತಾಗದಂತೆ ಅವನ್ನು ಮೇಲಿನಿಂದ ತೂಗುಬಿಡಬೇಕಿತ್ತು. ಒಬ್ಬರ ತಲೆಗೆ ಹಲವು ಗಂಟೆ ಹಿಡಿಯುತ್ತಿತ್ತು. ಮೊದಲ ಪ್ರಯೋಗಗಳಿಗೆ ತಲೆಕೊಟ್ಟವರು ನೆಸ್ಲರ್ ಅವರ ಸಂಗಾತಿ ಕ್ಯಾಥರೀನಾ. ಕೂದಲು ಸುಟ್ಟು, ನೆತ್ತಿಯಲ್ಲಿ ಗಾಯವಾದರೂ ಅವರು ಮತ್ತೆ ಕುಳಿತರು. ಪರ್ಮ್‌ನ ಕಥೆಯಲ್ಲಿ ಅವರ ಹೆಸರೂ ಇರಲೇಬೇಕು.

ತಪ್ಪು ಕಲ್ಪನೆ: ಕೂದಲು ನೇರ ಮಾಡುವ ಬಿಸಿ ಬಾಚಣಿಗೆಯನ್ನು ಕಂಡುಹಿಡಿದವರು ಮೇಡಂ ಸಿ. ಜೆ. ವಾಕರ್.

ಸತ್ಯ: ಲೋಹದ ಬಿಸಿ ಬಾಚಣಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಬಳಕೆಯಲ್ಲಿತ್ತು. 1867ರಲ್ಲಿ ಲೂಸಿಯಾನದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಗೆ ಹುಟ್ಟಿದ ವಾಕರ್, ಬಟ್ಟೆ ಒಗೆದು ಬದುಕಿದವರು. ನೆತ್ತಿಯ ಕಾಯಿಲೆಯಿಂದ ಅವರ ಕೂದಲೇ ಉದುರತೊಡಗಿತ್ತು. ಹಾಗಾಗಿ ಮುಂದೆ ಅವರು ಕಟ್ಟಿದ ಕೇಶ ಉತ್ಪನ್ನಗಳ ಉದ್ಯಮದ ಬುನಾದಿ ನೆತ್ತಿಯ ಆರೈಕೆ. ಗಂಧಕ ಬೆರೆತ ಮುಲಾಮು, ಮತ್ತೆ ಮತ್ತೆ ತಲೆ ತೊಳೆಯುವ ಪಾಠ ಅದರ ಭಾಗವಾಗಿದ್ದವು. ಬಾಚಣಿಗೆಗಿಂತ ಅವರ ದೊಡ್ಡ ಸಾಧನೆ, ಸಾವಿರಾರು ಕಪ್ಪು ಮಹಿಳೆಯರಿಗೆ ತರಬೇತಿ ಕೊಟ್ಟು ಸ್ವಂತ ಸಂಪಾದನೆಯ ದಾರಿ ತೋರಿಸಿದ್ದು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ತಮ್ಮ ಮಾರಾಟಗಾರ್ತಿಯರ ಸಮಾವೇಶವನ್ನೇ ನಡೆಸಿದರು.

ತಪ್ಪು ಕಲ್ಪನೆ: ಬಾಬ್ ಹುಟ್ಟಿದ್ದು 1920ರ ದಶಕದಲ್ಲಿ.

ಸತ್ಯ: ಪ್ಯಾರಿಸ್ಸಿನ ಕೇಶವಿನ್ಯಾಸಕ ಆಂಟ್ವಾನ್ 1909ರಲ್ಲೇ, ಫ್ರಾನ್ಸಿನ ವೀರವನಿತೆ ಜೋನ್ ಆಫ್ ಆರ್ಕ್‌ಳ ನೆನಪಿನಲ್ಲಿ, ಗಿಡ್ಡ ಕೂದಲಿನ ಶೈಲಿ ರೂಪಿಸಿದ್ದರು. ಅಮೆರಿಕದಲ್ಲಿ ಅದಕ್ಕೆ ಹೆಸರು ತಂದವರು ನರ್ತಕಿ ಐರೀನ್ ಕ್ಯಾಸಲ್. 1914ರ ಸುಮಾರಿಗೆ ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಆರೈಕೆಗೆ ಸುಲಭವಾಗಲೆಂದು ಅವರು ಕೂದಲು ಕತ್ತರಿಸಿಕೊಂಡರು. ನೋಡಿದವರು ಅದನ್ನೇ ‘ಕ್ಯಾಸಲ್ ಬಾಬ್’ ಎಂದು ಅನುಕರಿಸಿದರು.

ತಪ್ಪು ಕಲ್ಪನೆ: 1920ರ ದಶಕದಲ್ಲಿ ಎಲ್ಲರೂ ಕೂದಲು ಕತ್ತರಿಸಿಕೊಂಡರು.

ಸತ್ಯ: ಎಷ್ಟೋ ಮನೆಗಳಲ್ಲಿ ಅದು ಜಗಳದ ವಿಷಯವಾಗಿತ್ತು. ಹೆಂಗಸರ ಕೇಶವಿನ್ಯಾಸಕರಲ್ಲಿ ಹಲವರು ಕತ್ತರಿ ಹಾಕಲು ಒಪ್ಪದಿದ್ದಾಗ, ಹುಡುಗಿಯರು ಗಂಡಸರ ಕ್ಷೌರದಂಗಡಿಯಲ್ಲಿ ಸಾಲು ನಿಂತರು. ಧೈರ್ಯ ಸಾಲದವರು ಉದ್ದ ಕೂದಲನ್ನು ಒಳಕ್ಕೆ ಮಡಚಿ, ಪಿನ್ನು ಚುಚ್ಚಿ, ಬಾಬ್‌ನಂತೆ ಕಾಣುವಂತೆ ಮಾಡಿದರು. ಉದ್ದ ಗುಂಗುರುಗಳಿಗೇ ಹೆಸರಾಗಿದ್ದ ಮೂಕಿಚಿತ್ರಗಳ ತಾರೆ ಮೇರಿ ಪಿಕ್‌ಫರ್ಡ್ ಅವನ್ನು ಕತ್ತರಿಸಿಕೊಂಡದ್ದು 1928ರಲ್ಲಿ, ತಾಯಿ ತೀರಿಕೊಂಡ ಮೇಲೆ. ಅಷ್ಟು ತಡವಾಗಿಯೂ ಅದು ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಮರುವರ್ಷ ತೆರೆಕಂಡ ಅವರ ಮೊದಲ ಮಾತಿನ ಚಿತ್ರ ‘ಕೊಕೆಟ್’ನಲ್ಲಿ ಪ್ರೇಕ್ಷಕರು ಅವರನ್ನು ಬಾಬ್‌ನಲ್ಲಿ ಕಂಡರು. ಆ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟಿ ಆಸ್ಕರ್ ಬಂತು.