ಮೀನು ಸಾಯಲಿಲ್ಲ, ಮೊಟ್ಟೆ ಕಡಿಮೆಯಾಯಿತು

ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಎಲೆಯ ಕೆಲಸವನ್ನೇ ತಡೆದು ಅಟ್ರಜಿನ್ ಕಳೆಯನ್ನು ಸಾಯಿಸುತ್ತದೆ. ಮೀನಿಗೆ ಎಲೆಯಿಲ್ಲ. ಹಾಗಾಗಿ 1958ರಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ಇದನ್ನು ಹೊರತಂದ ಮೇಲೆ ಬಹುಕಾಲ ಕೇಳಿದ ಮುಖ್ಯ ಪ್ರಶ್ನೆ ಒಂದೇ: ಎಷ್ಟು ಬೆರೆಸಿದರೆ ಮೀನು ಸಾಯುತ್ತದೆ? ಹೊಳೆಯಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣಕ್ಕೆ ಅದು ಸಾಯುತ್ತಿರಲಿಲ್ಲ.

ಬೇರೆ ಪ್ರಶ್ನೆ ಕೇಳಿದವರು ಬ್ರಿಟನ್ನಿನ ವಿಜ್ಞಾನಿಗಳಾದ ಆಂಡ್ರ್ಯೂ ಮೂರ್ ಮತ್ತು ಕಾಲಿನ್ ವೇರಿಂಗ್. ಅವರು ಆರಿಸಿಕೊಂಡದ್ದು ಅಟ್ಲಾಂಟಿಕ್ ಸಾಲ್ಮನ್‌ನ ಎಳೆಯ ಗಂಡುಗಳನ್ನು. ಸಾಲ್ಮನ್ ಸಾಮಾನ್ಯವಾಗಿ ಸಮುದ್ರದಲ್ಲಿ ಬೆಳೆದು, ಹುಟ್ಟಿದ ಹೊಳೆಗೆ ಮರಳಿ ಮೊಟ್ಟೆಯಿಡುತ್ತದೆ. ಆದರೆ ಕೆಲವು ಗಂಡುಮರಿಗಳು ಸಮುದ್ರವನ್ನೇ ಕಾಣದೆ, ಗೇಣುದ್ದವಿರುವಾಗಲೇ ಪ್ರಾಯಕ್ಕೆ ಬರುತ್ತವೆ. ದೊಡ್ಡ ಗಂಡುಗಳ ಕಣ್ಣು ತಪ್ಪಿಸಿ ಮೊಟ್ಟೆಗಳ ಬಳಿ ನುಗ್ಗುತ್ತವೆ. ಅವಕ್ಕೆ ಹೊತ್ತು ತಿಳಿಸುವುದು ವಾಸನೆ. ಮೊಟ್ಟೆ ಬಲಿತ ಹೆಣ್ಣಿನ ಮೂತ್ರದೊಂದಿಗೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ನೀರಿಗೆ ಸೇರುತ್ತದೆ. ಅದು ಮೂಗಿಗೆ ತಾಗಿತೆಂದರೆ ಗಂಡಿನ ರಕ್ತದಲ್ಲಿ ಹಾರ್ಮೋನು ಏರುತ್ತದೆ, ವೀರ್ಯ ಹೆಚ್ಚುತ್ತದೆ.

ಇಬ್ಬರೂ ಮೀನಿನ ಮೂಗಿನೊಳಗಿನ ಪೊರೆಯಿಂದ, ವಾಸನೆ ಬಿದ್ದಾಗ ಏಳುವ ವಿದ್ಯುತ್ ಸಂಕೇತವನ್ನು ಅಳೆದರು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಅಟ್ರಜಿನ್ ಬೆರೆತ ನೀರು ಹಾಯ್ದ ಮೇಲೆ ಆ ಸಂಕೇತ ಕುಗ್ಗಿತು. ಹೆಣ್ಣಿನ ಮೂತ್ರ ಬೆರೆಸಿದರೂ ಹಾರ್ಮೋನು ಏರಬೇಕಾದಷ್ಟು ಏರಲಿಲ್ಲ. ಕಳೆನಾಶಕ ವೃಷಣದ ಮೇಲೂ ನೇರವಾಗಿ ಪರಿಣಾಮ ಬೀರುತ್ತದೆಂಬ ಕುರುಹು ಸಿಕ್ಕಿತು. ಇದು ಪ್ರಕಟವಾದದ್ದು 1998ರಲ್ಲಿ.

ಹಾಗಾದರೆ ಮೊಟ್ಟೆಯ ಗತಿಯೇನು? ಅದನ್ನು ಎಣಿಸಿದವರು ಅಮೆರಿಕದ ಮಿಸೌರಿಯ ಕೊಲಂಬಿಯಾದಲ್ಲಿರುವ ಭೂಸರ್ವೇಕ್ಷಣಾ ಇಲಾಖೆಯ ಪ್ರಯೋಗಾಲಯದ ಡೊನಾಲ್ಡ್ ಟಿಲ್ಲಿಟ್, ಡಯಾನಾ ಪಪೌಲಿಯಾಸ್ ಮತ್ತು ಸಂಗಡಿಗರು. ಅವರ ಮೀನು ಫ್ಯಾಟ್‌ಹೆಡ್ ಮಿನ್ನೋ. ಇದರ ಹೆಣ್ಣು ಕಲ್ಲು, ಮರದ ತುಂಡುಗಳ ಅಡಿಮೈಗೆ ಮೊಟ್ಟೆ ಅಂಟಿಸುತ್ತದೆ, ಗಂಡು ಕಾಯುತ್ತದೆ. ಮೊಟ್ಟೆ ಒಂದೇ ಕಡೆ ಅಂಟಿಕೊಂಡಿರುವುದರಿಂದ ಎಣಿಕೆಗೆ ಅನುಕೂಲ. ಲೀಟರಿಗೆ 0.5, 5 ಮತ್ತು 50 ಮೈಕ್ರೋಗ್ರಾಂ ಬೆರೆಸಿದ ನೀರಿನಲ್ಲಿ, 30 ದಿನಗಳವರೆಗೆ, ಅವರು ನೋಡಿದರು. 17ರಿಂದ 20ನೇ ದಿನದ ಹೊತ್ತಿಗೆ ವ್ಯತ್ಯಾಸ ಕಾಣತೊಡಗಿತು. ಅಟ್ರಜಿನ್ ಸೋಕಿದ ಎಲ್ಲ ಗುಂಪುಗಳಲ್ಲೂ ಮೊಟ್ಟೆ ಶೇ. 19ರಿಂದ 39ರಷ್ಟು ಕಡಿಮೆ. ಮೀನುಗಳು ಮೊಟ್ಟೆಯಿಡುವ ಸರದಿಗಳೇ ಕಡಿಮೆಯಾಗಿದ್ದವು. 2010ರಲ್ಲಿ ಈ ವರದಿ ಬಂದಾಗ ಅಮೆರಿಕದ ಪರಿಸರ ಸಂಸ್ಥೆ ಮೀನುಗಳಿಗೆ ಇಟ್ಟಿದ್ದ ಎಚ್ಚರಿಕೆಯ ಗೆರೆ ಲೀಟರಿಗೆ 65 ಮೈಕ್ರೋಗ್ರಾಂ. ಪರೀಕ್ಷಿಸಿದ ಮೂರೂ ಪ್ರಮಾಣ ಅದಕ್ಕಿಂತ ಕೆಳಗೇ ಇದ್ದವು.

2014ರಲ್ಲಿ ಇದೇ ತಂಡ ಜಪಾನಿನ ಮೆಡಾಕ ಮೀನಿನಲ್ಲಿ ಮತ್ತೆ ನೋಡಿತು. ಮೊಟ್ಟೆ ಶೇ. 36ರಿಂದ 42ರಷ್ಟು ಇಳಿದಿತ್ತು. ಆದರೆ ಮೈಯಲ್ಲಿದ್ದ ಈಸ್ಟ್ರಡಯೋಲ್, ಟೆಸ್ಟೋಸ್ಟೆರಾನ್ ಹಾರ್ಮೋನುಗಳೆರಡರ ಮಟ್ಟವೂ ಬದಲಾಗಿರಲಿಲ್ಲ! ಮೊಟ್ಟೆ ಬಲಿಯುವ ಕೊನೆಯ ಹಂತ ಕೆಟ್ಟಿದೆ ಎಂಬುದು ತಂಡದ ಊಹೆ. ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಹಾರ್ಮೋನು ಮಾತ್ರ ಅಳೆದಿದ್ದರೆ ಈ ಮೀನು ಆರೋಗ್ಯವಾಗಿದೆ ಎಂದೇ ಬರೆದುಬಿಡುತ್ತಿದ್ದರು.

ಅಂತರ್ಜಲ ಕೆಡುತ್ತದೆಂದು ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಜಿನ್ ಕೈಬಿಟ್ಟಿತು. ಭಾರತದಲ್ಲಿ 2020ರ ಕರಡು ಆದೇಶ ನಿಷೇಧಿಸಲು ಹೊರಟ 27 ಕೀಟನಾಶಕ, ಕಳೆನಾಶಕ ಮುಂತಾದವುಗಳ ಪಟ್ಟಿಯಲ್ಲಿ ಇದರ ಹೆಸರೂ ಇತ್ತು, ಆದರೆ ನಿಷೇಧವಾಗಲಿಲ್ಲ. ಹಾವೇರಿ, ದಾವಣಗೆರೆಯ ಮೆಕ್ಕೆಜೋಳದ ಹೊಲಗಳಿಗೆ ಇದನ್ನು ಹೊಡೆಯುವುದು ಬಿತ್ತಿದ ಎರಡು ಮೂರು ದಿನಗಳೊಳಗೆ, ಮುಂಗಾರಿನ ಬಾಯಲ್ಲಿ. ಹೊಸ ನೀರಿಗೆ ಹತ್ತುಮೀನು ಮೊಟ್ಟೆಯಿಡಲು ಹೊಳೆ ಹಳ್ಳ ಏರುವ ಹೊತ್ತೂ ಅದೇ. ಹಳ್ಳ, ಕೆರೆಯ ಪಕ್ಕದ ಹೊಲದವರು ದಂಡೆಗೆ ಒಂದಿಷ್ಟು ಜಾಗ ಬಿಟ್ಟು ಸಿಂಪಡಿಸಿ. ದೊಡ್ಡ ಮಳೆಯ ಮೋಡ ಕಂಡ ದಿನ ಕ್ಯಾನು ಹೆಗಲಿಗೇರಿಸಬೇಡಿ. ಮೀನುಗಾರಿಕೆ ಇಲಾಖೆ ಆ ತಿಂಗಳಲ್ಲಿ ನಮ್ಮ ಹಳ್ಳಗಳ ನೀರನ್ನೂ ಮೀನಿನ ಮೊಟ್ಟೆಯನ್ನೂ ಪರೀಕ್ಷಿಸಲಿ.