ರೂಪಾಯಿ ಚಿಹ್ನೆ ಪ್ರಶ್ನಾರ್ಥಕವಾಗುವುದೇಕೆ? – ಇ-ಅಂಚೆಯಲ್ಲಿ ವಿಶೇಷ ಅಕ್ಷರಗಳ ತೊಡಕು

ಮುಂಬಯಿಯಂತಹ ನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಇ-ಅಂಚೆಯೆಂದರೆ ಹಲವು ಲಿಪಿಗಳ ಸಂತೆ. ಸಂಘದ ಆಮಂತ್ರಣ ಕನ್ನಡದಲ್ಲಿ, ಹೌಸಿಂಗ್ ಸೊಸೈಟಿಯ ಸುತ್ತೋಲೆ ಮರಾಠಿಯಲ್ಲಿ, ಬ್ಯಾಂಕಿನ ಪತ್ರವ್ಯವಹಾರ ಇಂಗ್ಲಿಷಿನಲ್ಲಿ. ಇವುಗಳ ನಡುವೆ ರೂಪಾಯಿಯ ಚಿಹ್ನೆ, ಪರದೇಶದಲ್ಲಿ ಓದುತ್ತಿರುವ ಮಕ್ಕಳ ಶುಲ್ಕದ ಪೌಂಡು-ಯೂರೋ ಚಿಹ್ನೆ, ಕನ್ನಡದ ಅರ್ಕಾವತ್ತು, ಹೀಗೆ ಕೀಲಿಮಣೆಯ ಮೇಲೆ ಅಚ್ಚಾಗಿಲ್ಲದ ಅಕ್ಷರಗಳು ಪದೇ ಪದೇ ಬೇಕಾಗುತ್ತವೆ. ಯಾರೋ ಹೇಳಿಕೊಟ್ಟ ಶಾರ್ಟ್‌ಕಟ್ಟನ್ನು ಒತ್ತಿದರೆ ಒಮ್ಮೆ ಅಕ್ಷರ ಮೂಡುತ್ತದೆ, ಇನ್ನೊಮ್ಮೆ ಮೂಡುವುದಿಲ್ಲ. ಮೂಡಿ ಹೋದದ್ದೂ ಅತ್ತ ಕಡೆ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ. ಕೀಲಿಮಣೆ ಕೆಟ್ಟಿತೆಂದು ಹೊಸದನ್ನು ಕೊಂಡು ತಂದವರೂ ನಮ್ಮ ಪರಿಚಿತರಲ್ಲಿದ್ದಾರೆ.

ದೋಷ ಸಾಮಾನ್ಯವಾಗಿ ಕೀಲಿಮಣೆಯದಲ್ಲ. ಶಾರ್ಟ್‌ಕಟ್ ಎಂಬುದು ಕೀಲಿಯ ಗುಣವಲ್ಲ, ಅದೊಂದು ಒಪ್ಪಂದ. ಗಣಕದಲ್ಲಿ ಆಯ್ದುಕೊಂಡ ಕೀಲಿಮಣೆ ವಿನ್ಯಾಸ, ನಾವು ಬರೆಯುತ್ತಿರುವ ತಂತ್ರಾಂಶ, ಪತ್ರವನ್ನು ಓದುವವರ ಗಣಕ, ಈ ಮೂರೂ ಒಪ್ಪಿದಾಗಲೇ ಅಕ್ಷರ ದಡ ಸೇರುತ್ತದೆ. ಯಾವ ಹಂತದಲ್ಲಿ ಒಪ್ಪಂದ ಮುರಿಯಿತೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ರೂಪಾಯಿ ಚಿಹ್ನೆಯನ್ನೇ ತೆಗೆದುಕೊಳ್ಳೋಣ. ಉದಯ ಕುಮಾರ್ ಅವರು ರೂಪಿಸಿದ ₹ ಚಿಹ್ನೆಯನ್ನು ಕೇಂದ್ರ ಸಚಿವ ಸಂಪುಟ ಅಂಗೀಕರಿಸಿದ್ದು 2010ರ ಜುಲೈ 15ರಂದು. ಅದೇ ವರ್ಷ ಯೂನಿಕೋಡ್ ಅದಕ್ಕೆ ಸ್ವಂತದ ಸ್ಥಾನವನ್ನು ಕೊಟ್ಟಿತು. ವಿಂಡೋಸ್‌ನಲ್ಲಿ 'ಇಂಗ್ಲಿಷ್ (ಇಂಡಿಯಾ)' ಎಂಬ ವಿನ್ಯಾಸವನ್ನು ಆಯ್ದುಕೊಂಡಿದ್ದರೆ ಬಲಗಡೆಯ ಆಲ್ಟ್ ಕೀಲಿಯೊಡನೆ 4ನ್ನು ಒತ್ತಿದರೆ ₹ ಬರುತ್ತದೆ. ಕಂಟ್ರೋಲ್, ಆಲ್ಟ್ ಮತ್ತು 4ನ್ನು ಕೂಡಿಸಿ ಒತ್ತಿದರೂ ಅದೇ ಫಲ. ಆದರೆ ಅನೇಕ ಗಣಕಗಳಲ್ಲಿ ಚಾಲ್ತಿಯಲ್ಲಿರುವುದು ಅಮೆರಿಕದ ವಿನ್ಯಾಸ. ಅದಕ್ಕೆ ಈ ಜೋಡಿಯ ಅರ್ಥವೇ ತಿಳಿಯದು. ಪರದೆಯ ಬಲಗಡೆ ಕೆಳಗಿನ ಮೂಲೆಯಲ್ಲಿ ಭಾಷೆಯ ಹೆಸರಿನ ಮೇಲೆ ಕ್ಲಿಕ್ಕಿಸಿ ಯಾವ ವಿನ್ಯಾಸವಿದೆಯೆಂದು ಮೊದಲು ನೋಡಬೇಕು. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ತಿಳಿಯದೆ ಈ ಜೋಡಿಯ ಮೇಲೆ ಬೆರಳಿಟ್ಟು, ಇದ್ದಕ್ಕಿದ್ದಂತೆ ಎಲ್ಲವೂ ಬೇರೆ ಲಿಪಿಯಲ್ಲಿ ಬರುತ್ತಿದೆಯೆಂದು ಗಾಬರಿಯಾಗುವವರು ಬಹಳ.

ಎರಡನೆಯದು ಆಲ್ಟ್ ಸಂಕೇತಗಳ ದಾರಿ. ಆಲ್ಟ್ ಕೀಲಿಯನ್ನು ಹಿಡಿದು ಬಲಬದಿಯ ಅಂಕಿಪಟ್ಟಿಯಲ್ಲಿ 0163 ಎಂದು ಒತ್ತಿ ಕೈಬಿಟ್ಟರೆ ಪೌಂಡಿನ ಚಿಹ್ನೆ, 0128 ಒತ್ತಿದರೆ ಯೂರೋ, 0176 ಒತ್ತಿದರೆ ಉಷ್ಣಾಂಶದ ಡಿಗ್ರಿ. ಇಲ್ಲಿ ಮುಂದಿನ ಸೊನ್ನೆ ಅಲಂಕಾರಕ್ಕಲ್ಲ. ಸೊನ್ನೆಯನ್ನು ಬಿಟ್ಟು 163 ಎಂದಷ್ಟೇ ಒತ್ತಿದರೆ ಹಳೆಯ ಡಾಸ್ ಕಾಲದ ಪಟ್ಟಿಯನ್ನು ಗಣಕ ತೆರೆಯುತ್ತದೆ, ಪೌಂಡಿನ ಬದಲು ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ 'ಯು' ಬಂದು ನಿಲ್ಲುತ್ತದೆ. ಅಕ್ಷರಸಾಲಿನ ಮೇಲಿರುವ ಅಂಕಿಗಳಿಂದ ಈ ಕೆಲಸವಾಗದು. ಅಂಕಿಪಟ್ಟಿಯಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಈ ವಿಧಾನವನ್ನು ಮರೆತುಬಿಡುವುದೇ ಲೇಸು. ನಮ್‌ಲಾಕ್ ದೀಪ ಆರಿದ್ದರೆ ಇನ್ನೊಂದು ಅಪಾಯವಿದೆ: ಆಗ ಅಂಕಿಪಟ್ಟಿಯ 4 ಎಡಬಾಣವಾಗುತ್ತದೆ, ಆಲ್ಟ್ ಜೊತೆ ಎಡಬಾಣವೆಂದರೆ ಬ್ರೌಸರ್ ಹಿಂದಿನ ಪುಟಕ್ಕೆ ಹೋಗಬಹುದು. ಬರೆಯುತ್ತಿದ್ದ ಪತ್ರ ಕಣ್ಣೆದುರೇ ಮಾಯವಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ತಂತ್ರಾಂಶದ ಪಾಲು. ₹ ಚಿಹ್ನೆಗೆ 8377 ಎಂಬ ಆಲ್ಟ್ ಸಂಖ್ಯೆಯನ್ನು ಬಾಯಿಪಾಠ ಮಾಡಿದವರು ಅದನ್ನು ವರ್ಡ್‌ನಲ್ಲಿ ನಿರಾತಂಕವಾಗಿ ಬಳಸುತ್ತಾರೆ. ಅದೇ ಸಂಖ್ಯೆಯನ್ನು ಬ್ರೌಸರಿನಲ್ಲಿ ತೆರೆದ ಇ-ಅಂಚೆಯಲ್ಲಿ ಒತ್ತಿದರೆ ಬೇಲಿಯ ಮೂಲೆಯಂತಹ ಜೋಡಿಗೆರೆಗಳ ಆಕೃತಿಯೊಂದು ಬರುತ್ತದೆ. ಬ್ಯಾಂಕಿನವರಾದ ನಮಗೆ ಇದರ ಲೆಕ್ಕ ಬಹಳ ಹಿಡಿಸಿತು. ಅಲ್ಲಿ ಹಳೆಯ ಪಟ್ಟಿಯಲ್ಲಿರುವುದು 256 ಸ್ಥಾನಗಳು ಮಾತ್ರ. 8377ನ್ನು 256ರಿಂದ ಭಾಗಿಸಿದರೆ ಉಳಿಯುವ ಶೇಷ 185, ಆ 185ನೆಯ ಮನೆಯಲ್ಲಿರುವುದೇ ಈ ಬೇಲಿ! ವರ್ಡ್‌ನಲ್ಲಿ 20ಬಿ9 ಎಂದು ರೋಮನ್‌ನಲ್ಲಿ ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ₹ ಆಗುತ್ತದೆ. ವರ್ಡನ್ನೇ ಬರವಣಿಗೆಗೆ ಬಳಸುವ ಹಳೆಯ ಮಾದರಿಯ ಔಟ್‌ಲುಕ್‌ನಲ್ಲೂ ಇದು ನಡೆಯುತ್ತದೆ. ಬ್ರೌಸರಿನ ಜಿಮೇಲ್‌ನಲ್ಲಿ ನಡೆಯದು. ಅಲ್ಲಿ ಸುಲಭವಾದ ದಾರಿ ಬೇರೆ: ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀಲಿಯೊಡನೆ ಪೂರ್ಣವಿರಾಮದ ಕೀಲಿಯನ್ನು ಒತ್ತಿದರೆ ಒಂದು ಚಿಕ್ಕ ಫಲಕ ತೆರೆಯುತ್ತದೆ. ನಗುಮುಖಗಳ ಗದ್ದಲದ ಪಕ್ಕದಲ್ಲೇ ಚಿಹ್ನೆಗಳ ವಿಭಾಗವಿದೆ, ನಾಣ್ಯಚಿಹ್ನೆಗಳು ಅಲ್ಲಿ ಸಿಗುತ್ತವೆ. ಅದೂ ಬೇಡವೆಂದರೆ ವರ್ಡ್‌ನಲ್ಲಿ ಮೂಡಿಸಿ ನಕಲಿಸಿ ಅಂಟಿಸಬಹುದು, ಅದರಲ್ಲೇನೂ ಅವಮಾನವಿಲ್ಲ.

ಮೂರನೆಯದು ಓದುವವರ ಕಡೆಯ ತೊಡಕು. ಪತ್ರ ಪಡೆದವರು 'ಸರಿಯಾಗಿ ಕಾಣುತ್ತಿಲ್ಲ' ಎಂದಾಗ ಏನು ಕಾಣುತ್ತಿದೆಯೆಂದು ಕೇಳಬೇಕು, ಉತ್ತರದಲ್ಲೇ ರೋಗದ ಹೆಸರಿದೆ. ಖಾಲಿ ಚೌಕ ಕಂಡರೆ ಅಕ್ಷರ ಕ್ಷೇಮವಾಗಿ ತಲುಪಿದೆ, ಅವರ ಗಣಕದ ಫಾಂಟ್‌ನಲ್ಲಿ ಅದರ ಆಕಾರವಿಲ್ಲ. ಫಾಂಟನ್ನು ಹಾಕಿಕೊಂಡರೆ ಸಾಕು. ಪ್ರಶ್ನಾರ್ಥಕ ಚಿಹ್ನೆ ಕಂಡರೆ ದಾರಿಯಲ್ಲೆಲ್ಲೋ ಆ ಅಕ್ಷರವನ್ನು ಅರಿಯದ ವ್ಯವಸ್ಥೆಯೊಂದು ಅದನ್ನು ಕಿತ್ತು ಎಸೆದಿದೆ. ಬಂದ ಪತ್ರದಿಂದ ಅದನ್ನು ಮರಳಿ ಪಡೆಯುವಂತಿಲ್ಲ, ಮತ್ತೊಮ್ಮೆ ಕಳುಹಿಸಬೇಕು. ಒಂದು ಅಕ್ಷರದ ಜಾಗದಲ್ಲಿ ಮೂರು ವಿಚಿತ್ರ ಅಕ್ಷರಗಳು ಕಂಡರೆ ಯೂನಿಕೋಡಿನ ಯುಟಿಎಫ್-8 ಬರಹವನ್ನು ಅವರ ತಂತ್ರಾಂಶ ಹಳೆಯ ಪಶ್ಚಿಮ ಯೂರೋಪಿನ ಸಂಕೇತವೆಂದು ಓದುತ್ತಿದೆ. ಕನ್ನಡ ಪತ್ರದಲ್ಲಿ ಇದನ್ನು ಗುರುತಿಸುವುದು ಬಲು ಸುಲಭ. ಸಾಲಿನ ತುಂಬ ಗೆರೆಹೊತ್ತ ರೋಮನ್ 'ಎ', ಅದರ ಹಿಂದೆಯೇ ಚಿಕ್ಕ 2 ಅಥವಾ ಚಿಕ್ಕ 3 ಸಾಲುಗಟ್ಟಿ ನಿಂತಿರುತ್ತವೆ. ಇಲ್ಲಿ ಏನೂ ಕಳೆದಿರುವುದಿಲ್ಲ. ತಂತ್ರಾಂಶದಲ್ಲಿ ಎನ್‌ಕೋಡಿಂಗ್ ಆಯ್ಕೆಯಿದ್ದರೆ ಯುಟಿಎಫ್-8ಕ್ಕೆ ಬದಲಿಸಿದೊಡನೆ ಕನ್ನಡ ಮರಳಿ ಬರುತ್ತದೆ.

ಮೊತ್ತ ಬರೆಯುವಾಗ ನಮ್ಮ ಅಭಿಪ್ರಾಯ ಸ್ಪಷ್ಟ. ಚಿಹ್ನೆ ಬಳಸಬಾರದೆಂದಲ್ಲ, ಆದರೆ ಹಣದ ವ್ಯವಹಾರದ ಇ-ಅಂಚೆಯಲ್ಲಿ 'ರೂ.' ಎಂದು ಬರೆದು ಮೊತ್ತವನ್ನು ಅಕ್ಷರಗಳಲ್ಲೂ ನಮೂದಿಸಬೇಕು. ಪೌಂಡಿನ ಚಿಹ್ನೆ ಅಳಿಸಿಹೋಗಿ ಬರಿಯ 500 ಉಳಿದರೆ, ಅದು ಯಾವ ದೇಶದ ಐನೂರು ಎಂದು ಓದುವವರು ಊಹಿಸಬೇಕಾಗುತ್ತದೆ.

ಕನ್ನಡದ ಹೆಸರುಗಳಲ್ಲಿ ಕಣ್ಣಿಗೆ ಕಾಣದ ವಿಶೇಷ ಅಕ್ಷರವೊಂದಿದೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರದ ಅರ್ಧಾಕ್ಷರವನ್ನು ಬಿಡಿಯಾಗಿ ನಿಲ್ಲಿಸಲು ಅದರ ಮುಂದೆ ಅಗಲವಿಲ್ಲದ ಬೇರ್ಪಡಿಕೆಯ ಅಕ್ಷರ ಬೇಕು. ಅದಿಲ್ಲದಿದ್ದರೆ ಕಕಾರ ಒತ್ತಕ್ಷರವಾಗಿ 'ರಾಜ್ಕುಮಾರ್' ಎಂದಾಗುತ್ತದೆ. ವರ್ಡ್‌ನಲ್ಲಿ 200ಸಿ ಎಂದು ರೋಮನ್‌ನಲ್ಲಿ ಬರೆದು ಆಲ್ಟ್-ಎಕ್ಸ್ ಒತ್ತಿ ಇದನ್ನು ಪಡೆಯಬಹುದು. ತೊಂದರೆಯೆಂದರೆ, ಹುಡುಕುವ ಕೆಲವು ತಂತ್ರಾಂಶಗಳು ಇವೆರಡನ್ನೂ ಬೇರೆ ಬೇರೆ ಹೆಸರುಗಳೆಂದು ಎಣಿಸುತ್ತವೆ. ಸದಸ್ಯರ ಪಟ್ಟಿಯಲ್ಲಿ ಹೆಸರಿದ್ದೂ 'ಇಲ್ಲ' ಎಂಬ ಉತ್ತರ ಬಂದು, ದಶಕಗಳ ಹಳೆಯ ಸದಸ್ಯರಿಗೆ ಆಮಂತ್ರಣ ತಪ್ಪಿದರೆ ಮನಸ್ಸು ನೋಯುವುದು ಸಹಜ. ಪಟ್ಟಿ ನೋಡುವವರು ಹೆಸರಿನ ಮೊದಲೆರಡು ಅಕ್ಷರಗಳಿಂದ ಹುಡುಕುವ ಅಭ್ಯಾಸವಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ಕಡತಗಳ ವಿಷಯ ಮತ್ತೊಂದು. 2010ರಲ್ಲಿ ರೂಪಾಯಿ ಚಿಹ್ನೆಗಾಗಿ ಮಂಗಳೂರಿನ ಫೊರಾಡಿಯನ್ ಸಂಸ್ಥೆ ಹೊರತಂದ ಫಾಂಟ್‌ನಲ್ಲಿ, ಟ್ಯಾಬ್ ಕೀಲಿಯ ಮೇಲಿರುವ ಓರೆಗುರುತಿನ ಜಾಗದಲ್ಲಿ ₹ ಚಿತ್ರವನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದವರಿಗೆ ಕಾಣುತ್ತಿದ್ದುದು ಬರಿಯ ಓರೆಗುರುತು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್‌ಪೂರ್ವದ ಫಾಂಟ್‌ಗಳದೂ ಇದೇ ರೀತಿ, ರೋಮನ್ ಅಕ್ಷರಗಳ ಮೇಲೆ ಕನ್ನಡದ ವೇಷ. ಅಂತಹ ಕಡತದಿಂದ ನಕಲಿಸಿ ಇ-ಅಂಚೆಗೆ ಅಂಟಿಸಿದರೆ ವೇಷ ಕಳಚಿ ಬೀಳುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಬಳಿಕ ಅಂಟಿಸಬೇಕು. ಕಳುಹಿಸುವ ಮುನ್ನ ಆ ಪತ್ರವನ್ನು ತಮಗೇ ಒಂದು ಪ್ರತಿ ಕಳುಹಿಸಿಕೊಂಡು ಮೊಬೈಲಿನಲ್ಲಿ ತೆರೆದು ನೋಡಿದರೆ, ಇನ್ನೂರು ಮನೆಗಳಿಗೆ ಎರಡನೆಯ ಪತ್ರ ಕಳುಹಿಸುವ ಶ್ರಮ ಉಳಿಯುತ್ತದೆ.